ಗ್ವಾಡಿ, ಚೆಂಡು, ನಾನು

ದಿನಾ ಮುನ್ನೂರು ರೊಟ್ಟಿ ಬಡದ
ಬಲಗೈ ಹೆಬ್ಬಟ್ಟು ಜುಮು ಜುಮು.
ಹೆಬ್ಬಟ್ಟಿಗೇ ಎಣ್ಣಿ ತಿಕ್ಕಿದ್ದೆ, ಮೂರು ವರ್ಷ.

ದಾಜಿಬಾನ ಪೇಟಿ ಖಾನಾವಳಿಗೆ
ಉಣ್ಣಾಕ ಬರೂ ಫಿಜಿಯೋ ಹುಡುಗಿ ಮುಬೀನಾ
ಬೆನ್ನಾಗ, ರೆಕ್ಕಿ ಎಲುಬಿನ ಮ್ಯಾಲೆ ಬಟ್ಟಿಟ್ಟು ಒತ್ತಿದಳು:
"ಕಳ್ಳ ಇಲ್ಲಿದಾನ ಅವ್ವಾರ,
ಒದರೂದಷ್ಟ ಅಲ್ಲಿ."

ಮೊಮ್ಮಗನ ಟೆನಿಸ್ ಚೆಂಡು, ಅರ್ಧ ಬೋಳಾದದ್ದು,
ಗ್ವಾಡಿಗೂ ಬೆನ್ನಿಗೂ ನಡುವ ಸಿಗಸಿ
ಮೊಣಕಾಲು ತುಸು ಬಗ್ಗಿಸಿದೆ.
ಸಿಕ್ತು.
ಕುದಿನೀರಿಗೂ ಕರಗದ
ಹಿಟ್ಟಿನ ಗಂಟು.

ಉಸರು ಬಿಡ್ರಿ, ಅಂದಳು. ಮೂವತ್ತು ಎಣಸ್ರಿ.
ಇಪ್ಪತ್ತೈದಕ್ಕ ಬಾಯಿ ತಾನs ನಿಂತಿತು:
ಒಂದು ಕಟ್ಟು ಆತಲ್ಲ.

ಈಗ ಒಲಿ ಬಾಜೂಕ, ಸುಣ್ಣದ ಗ್ವಾಡಿ ಮ್ಯಾಲೆ
ನನ್ನ ಬೆನ್ನೆತ್ತರಕ್ಕ ಹಸರು ಕಲಿ.
ಗಿರಾಕಿ ಕೇಳತಾರ:
"ಅಡಗಿಮನ್ಯಾಗ ಯಾರ್ರೀ ಚೆಂಡಾಡಿದ್ದು?"