ಚಿಪ್ಪಿನ ಸೌಟು

ಕಬ್ಬಿಣದ ಗುದ್ದಲಿ ಸುಳ್ಳು ಹೇಳುತ್ತದೆ,
ತನ್ನದನ್ನೂ ಮಣ್ಣಿನ ಲೆಕ್ಕಕ್ಕೆ ಸೇರಿಸುತ್ತದೆ.
ಹಾಗಾಗಿ ದೂಮಪ್ಪ ಪಿಕ್ಕಾಸಿನಲ್ಲಿ ಕಡಿದು ಮೇಲೆ ಬಂದ ನಂತರ
ನಾನು ಇಳಿದು, ಗೋಡೆಯನ್ನು ಬಿದಿರ ಸೀಳಿನಿಂದ ಹೆರೆದು,
ತೆಂಗಿನ ಚಿಪ್ಪಿನ ಸೌಟಿನಲ್ಲಿ
ಗೇಣಿಗೊಂದು ಚೀಲ ಮಣ್ಣು ಬಡಿಸಿಕೊಳ್ಳುತ್ತೇನೆ.

ಮರೋಳಿಯ ಇಳಿಜಾರು. ಸೆವ್ರಿನ್ ಬಾಯಿಯ ಹಿತ್ತಿಲು.
ಬಸಳೆ ಚಪ್ಪರದ ಪಕ್ಕದಲ್ಲೇ ಒಂದಾಳು ಗುಂಡಿ.

ಮೊದಲ ಗೇಣು ಕಪ್ಪು: ಬೂದಿ, ಬಂಗುಡೆಯ ಮುಳ್ಳು, ಬೇರು,
ಗುಂಡಿಯೊಳಗೊಂದು ಅಂಗಿಯ ಗುಂಡಿ.
ಆಮೇಲೆ ಕೆಂಪು, ಮೂರು ಒಗೆತಕ್ಕೂ ಬಿಡದ ಕೆಂಪು.
ಆಮೇಲೆ ಕಲ್ಲು, ಜೇನುಹುಟ್ಟಿನಂತೆ ತೂತು ತೂತು,
ಗಾಳಿಗೆ ಬಿದ್ದ ಮೇಲೆಯೇ ಗಟ್ಟಿಯಾಗುವ ಜಾತಿ.
ಅದರಡಿ ಶೇಡಿ: ಬಿಳಿ, ನೇರಳೆ, ಮೀನಿನ ಕಿವಿರಿನ ಬಣ್ಣ.
ದೂಮಪ್ಪ ಚೂರೊಂದನ್ನು ನಾಲಿಗೆಗಿಟ್ಟು ಹೇಳಿದ:
"ಇದಕ್ಕೆ ಇನ್ನೂ ಮನುಷ್ಯರ ರುಚಿ ಹತ್ತಲಿಲ್ಲ."

ಹೋಲಿಸಿ ನೋಡಲು ನನ್ನ ಬಳಿ ಇದ್ದ ಕೋಷ್ಟಕ
ಭೂಮಧ್ಯ ಸಮುದ್ರದ ದಡದ ಕೆಂಪು ಮಣ್ಣಿನದು.
ಅಲ್ಲಿ ಸುಣ್ಣಕಲ್ಲಿನ ಮೇಲೆ ಆಲಿವ್ ಬೆಳೆಯುತ್ತದಂತೆ.
ಅದಕ್ಕೆ ನಮ್ಮ ಜೂನ್ ತಿಂಗಳು ಗೊತ್ತಿಲ್ಲ,
ಎಲ್ಲ ತೊಳೆದು ಹೋದ ಮೇಲೂ
ಇಲ್ಲೇ ಕೂತ ಕಬ್ಬಿಣದ ಹಟ ಗೊತ್ತಿಲ್ಲ.
ಬಣ್ಣ ಒಂದೇ, ಗೋತ್ರ ಬೇರೆ.

ಹದಿನೆಂಟು ದಿನಕ್ಕೆ ಅಂಕಿಗಳು ಬಂದವು.
ಸೀಸ: ಮೇಲಿನ ಗೇಣಿನಲ್ಲಿ ರಾಶಿ,
ಕೆಂಪಿನಲ್ಲಿ ಅರ್ಧಕ್ಕಿಂತ ಕಡಿಮೆ,
ಕಲ್ಲಿಗೆ ಬರುವಾಗ ಹೆಸರಿಗೆ ಮಾತ್ರ,
ಶೇಡಿಯಲ್ಲಿ ಪತ್ತೆಯಿಲ್ಲ.
ಕ್ರೋಮಿಯಂ ಒಂದು ತಲೆಕೆಳಗು, ಇಳಿದಷ್ಟೂ ಹೆಚ್ಚು.
ಅದನ್ನು ಯಾರೂ ತಂದು ಸುರಿದದ್ದಲ್ಲ,
ಬಂಡೆ ಮಣ್ಣಾಗುವಾಗ ಕಟ್ಟಿಕೊಂಡು ಬಂದ ತವರಿನ ಗಂಟು.

ಸೆವ್ರಿನ್ ಬಾಯಿ ಕಾಗದ ನೋಡಲಿಲ್ಲ.
ಜಾರಿದ ಬಸಳೆಯ ಕುಡಿಯನ್ನು ಎತ್ತಿ ಕಟ್ಟುತ್ತಾ
"ಸೀಸ ನನ್ನದೇ" ಅಂದರು.
"ಹನ್ನೊಂದು ವರ್ಷ ಇಲ್ಲೇ ಬ್ಯಾಟರಿ ಒಡೆದದ್ದು.
ಲಾರಿಯದ್ದು, ಬಸ್ಸಿನದ್ದು, ಬೋಟಿನದ್ದು.
ಬಾಣಲೆಯಲ್ಲಿ ಕರಗಿಸಿ, ಬೆಲ್ಲದ ಹಾಗೆ ಅಚ್ಚಿಗೆ ಹೊಯ್ದು,
ರಿಕ್ಷಾದಲ್ಲಿ ಬಂದರಿಗೆ ಮುಟ್ಟಿಸಿದ್ದು.
ಗಂಡಸರ ಕೈ ಇರಲಿಲ್ಲ ಅದರಲ್ಲಿ, ಬರೆದುಕೊಳ್ಳಿ."

ನನ್ನ ಫಾರಮಿನಲ್ಲಿ 'ಮೂಲ' ಎಂಬ ಕಲಂ ಇತ್ತು:
ಕಾರ್ಖಾನೆ, ವಾಹನ, ಗೊಬ್ಬರ, ಇತರೆ.
ಇತರೆಗೆ ಗೀಟು ಹಾಕಿದೆ.

"ಬಾವಿಗೆ ಇಳಿದುಂಟಾ?"
"ಇಲ್ಲ ಬಾಯಮ್ಮ. ಮಣ್ಣಿನ ಕಬ್ಬಿಣ ಅದನ್ನು ಹಿಡಿದುಕೊಂಡಿದೆ.
ಇಷ್ಟು ಮಳೆಗಾಲಕ್ಕೂ ಬಿಡಲಿಲ್ಲ."
ಅವರು ಅಂಗೈಯನ್ನು ಸೀರೆಗೆ ಒರೆಸಿಕೊಂಡರು,
ಮತ್ತೊಮ್ಮೆ ಒರೆಸಿಕೊಂಡರು.
"ಹಿಡಿದುಕೊಂಡವರಿಗೆ ಏನು ಸಿಗ್ತದೆ?"

ರಕ್ತ ಒಮ್ಮೆ ಪರೀಕ್ಷೆ ಮಾಡಿಸಿ ಎಂದು ಹೇಳಬೇಕಿತ್ತು. ಹೇಳಿದೆ.
ಬಸಳೆಗೆ ಸಿಗಡಿ ಹಾಕಿದರೆ ತೆಂಗಿನಕಾಯಿ ಕಡಿಮೆ ಸಾಕು
ಎಂದು ಅವರು ಹೇಳಿದರು.

ಗುಂಡಿ ಮುಚ್ಚುವ ದಿನ
ನಾಲ್ಕು ಬಣ್ಣದ ನಾಲ್ಕು ರಾಶಿಯ ಎದುರು ನಿಂತು
ಯಾವುದು ಮೊದಲು ಎಂದ ದೂಮಪ್ಪ.
ಕೊನೆಗೆ ಬಂದದ್ದು ಮೊದಲು.
ಶೇಡಿ ಹೋಯಿತು, ಕಲ್ಲು ಹೋಯಿತು, ಕೆಂಪು ಹೋಯಿತು.
ಹಿತ್ತಿಲಿನ ಕಪ್ಪನ್ನೆಲ್ಲ, ಬಸಳೆಯ ಬುಡ ಸಮೇತ,
ಕೆರೆದು ಗೋಣಿಗೆ ತುಂಬಿದೆವು.
ಗೋಣಿ ಎಲ್ಲಿಗೆ? ಅದಕ್ಕೆ ಕಲಂ ಇಲ್ಲ.

ಇಪ್ಪತ್ತಮೂರು ಗೋಣಿ
ಈಗ ಪ್ರಯೋಗಾಲಯದ ಹಿಂದಿನ ಜಗಲಿಯಲ್ಲಿವೆ,
ಪತ್ರಕ್ಕೆ ಉತ್ತರ ಬರುವ ತನಕ.
ಮೊನ್ನೆ ಎರಚಲು ಬಡಿದು
ಒಂದರ ಹೊಲಿಗೆಯ ಸಂದಿಯಿಂದ
ನುಣ್ಣಗೆ, ಕೆನ್ನೇರಳೆಯಾಗಿ, ಬಸಳೆ ಕುಡಿ.

ಕೀಳಲು ಹೋದೆ.
ಕೈಗವಸು ಹಾಕಿಕೊಂಡಿರಲಿಲ್ಲ.