ಮೂರು ಚುಕ್ಕಿ ಹತ್ತು

ಸ್ಕೋಪುನ್ ಬಂದರಿನ ಕಚೇರಿಯಲ್ಲಿ, ಐಸು ಒಡೆಯುವ ಯಂತ್ರದ ಹಿಂದೆ
ಒಂದು ಕಂಪ್ಯೂಟರಿದೆ. ಚಿತ್ರಗಳಿಲ್ಲ, ಒತ್ತಲು ಗುಂಡಿಗಳಿಲ್ಲ.
ಕರಿಯ ಪರದೆ, ಮಿಟುಕುವ ಒಂದೇ ಒಂದು ಗೆರೆ,
ಏನು ಬೇಕೋ ಬಾಯಿ ಬಿಟ್ಟು ಹೇಳು ಎನ್ನುವ ಹಾಗೆ.

ಬೆಳಗಿನ ಜಾವ ನಾಲ್ಕಕ್ಕೆ ಅದರ ಮುಂದೆ ಕೂರುತ್ತೇನೆ.
ಒಂದು ಸಾಲು ಬರೆದು ಎಂಟರ್ ಒತ್ತಿದರೆ
ಜಲಸಂಧಿಯ ಸೆಳೆತ ಇವತ್ತು ಎಷ್ಟು ಹೊತ್ತಿಗೆ ಮಗ್ಗುಲು ಬದಲಿಸುತ್ತದೆಂದು
ಲೆಕ್ಕ ಹಾಕಿ ಹೇಳುತ್ತದೆ.
ಆ ಹಾಳೆ ಜೇಬಿಗಿಟ್ಟುಕೊಂಡು ದೋಣಿಗಳು ಹೊರಡುತ್ತವೆ.

ನನಗಿಂತ ಮೊದಲು ಇಲ್ಲಿ ಕೂತವನು ಟುಮ್ಮಸ್.
ಹೋಗುವಾಗ ಒಂದು ಚೀಟಿ ಅಂಟಿಸಿ ಹೋದ,
ಮೀನಿನ ಪೆಟ್ಟಿಗೆಗೆ ಸುತ್ತುವ ಟೇಪಿನಲ್ಲಿ:
‘ಓಡಿಸುವ ಮುಂಚೆ ಕೇಳು, ನೀನು ಎಷ್ಟನೆಯವನು ಅಂತ.’
ಯಾಕೆಂದು ಬರೆದಿಲ್ಲ. ಟುಮ್ಮಸನ ಮಾತೇ ಅಷ್ಟು.

ಆರು ತಿಂಗಳು ಕೇಳಿದೆ. ಆರು ತಿಂಗಳೂ ಅದೇ ಉತ್ತರ.
ಆಮೇಲಾಮೇಲೆ, ದಾರಿಯಲ್ಲಿ ಸಿಕ್ಕವರನ್ನು ಚೆನ್ನಾಗಿದ್ದೀರಾ ಅಂದು
ಉತ್ತರಕ್ಕೆ ನಿಲ್ಲದೆ ನಡೆದುಬಿಡುತ್ತೇವಲ್ಲ,
ಹಾಗೆ ಕೇಳತೊಡಗಿದ್ದೆ.

ಇವತ್ತು ರಾಜಧಾನಿಯಿಂದ ಹೊಸ ಕಡತ ಬಂದಿತ್ತು.
ಮೊದಲ ಸಾಲಿನಲ್ಲೇ ಷರತ್ತು:
ಮೂರು ಚುಕ್ಕಿ ಹತ್ತು, ಅಥವಾ ಅದಕ್ಕೂ ಮೇಲಿನದು.
ಎರಡು ಅಡ್ಡಗೆರೆ ಹಾಕಿ ವರ್ಶನ್ ಎಷ್ಟೆಂದು ಕೇಳಿದೆ.
ಮೂರು ಚುಕ್ಕಿ ಒಂಬತ್ತು, ಅಂದಿತು.

ಸದ್ಯ, ಅಂದುಕೊಂಡೆ.
ಹನ್ನೊಂದು ವರ್ಷ ಹರಾಜಿನಲ್ಲಿ ಮೀನು ತೂಗಿದವಳು ನಾನು.
ಮೂರು ಚುಕ್ಕಿ ಒಂಬತ್ತು ಕಿಲೋ ಕಾಡ್ ಮೀನು
ಮೂರು ಚುಕ್ಕಿ ಹತ್ತಕ್ಕಿಂತ ಮುಕ್ಕಾಲು ಕಿಲೋ ಹೆಚ್ಚೇ ತೂಗುತ್ತದೆ,
ಮೇಲೆ ಒಂದು ಹಿಡಿ ಕೊಸರು.
ತಕ್ಕಡಿ ನನಗೆ ಸುಳ್ಳು ಹೇಳಿದ್ದಿಲ್ಲ.

ಬೆರಳು ಎಂಟರ್ ಮೇಲಿತ್ತು.

ಮೇಜಿನ ಮೇಲೆ, ಕಾಫಿ ಲೋಟದಡಿಯಲ್ಲಿ,
ಭಾನುವಾರ ಇಗರ್ಜಿಯಲ್ಲಿ ನಾನು ಓದಬೇಕಾದ ಪಾಠದ ಚೀಟಿ:
ಮೂರನೇ ಅಧ್ಯಾಯ, ಒಂಬತ್ತರಿಂದ ಹದಿನಾಲ್ಕು.
ಒಂಬತ್ತಾದ ಮೇಲೆ ಹತ್ತು.
ಹತ್ತಾದ ಮೇಲೆ ಹನ್ನೊಂದು.
ಚುಕ್ಕಿಯ ಆಚೆಗಿರುವುದು ತೂಕವಲ್ಲ, ಸರದಿ!
ಬೆರಳು ತೆಗೆದೆ. ಕಿವಿ ಬಿಸಿಯಾಯಿತು, ಯಾರೂ ನೋಡದಿದ್ದರೂ.

ಹೊಸದನ್ನು ಇಳಿಸಲು ಹಚ್ಚಿದೆ. ಮಂಜು ಮುಸುಕಿದ ದಿನ ನಮ್ಮ ನೆಟ್
ಆಮೆಗೆ ಅಣ್ಣ. ನೂರಕ್ಕೆ ನಾಲ್ಕು. ನೂರಕ್ಕೆ ನಾಲ್ಕು. ನೂರಕ್ಕೆ ಐದು.

ಬಾರ್ದುರ್ ಬಾಗಿಲು ನೂಕಿ ಬಂದ, ರಬ್ಬರ್ ಬೂಟು, ಒದ್ದೆ ಗಡ್ಡ.
‘ಹಾಳೆ ಎಲ್ಲಿ, ಸುನ್ವಾ?’
ಇನ್ನೂ ಅರ್ಧ ಗಂಟೆ, ಅಂದೆ.
‘ಹಳೆಯದರಲ್ಲೇ ತೆಗೆದುಕೊಡು. ನಿನ್ನೆ ಕೊಟ್ಟಿತಲ್ಲ.’
ಇವತ್ತೂ ಕೊಡುತ್ತದೆ. ಅದೇ ತೊಂದರೆ.
ಬರುವುದಿಲ್ಲ ಎಂದು ಒಪ್ಪಿಕೊಳ್ಳುವ ಜಾಯಮಾನ ಅದರದಲ್ಲ.
ಹೊಸ ಕಡತದಲ್ಲಿ ಗಡಿಯಾರ ಬೇಸಿಗೆಗೆ ತಿರುಗಿದೆ, ಹಳೆಯದಕ್ಕೆ ಅದು ತಿಳಿಯದು;
ಒಂದು ಗಂಟೆ ನುಂಗಿ, ಅಚ್ಚುಕಟ್ಟಾದ ಪಟ್ಟಿ ಮುದ್ರಿಸಿ ಕೈಗಿಡುತ್ತದೆ.

‘ಒಂದು ಗಂಟೆ,’ ಅಂದ ಬಾರ್ದುರ್.
ಕಿಟಕಿಯಾಚೆ ಜಲಸಂಧಿ ಇದ್ದ ಕಡೆ ನೋಡಿದ. ಮಂಜು ಬಿಟ್ಟರೆ ಏನೂ ಇರಲಿಲ್ಲ.
ಕುರ್ಚಿ ಎಳೆದುಕೊಂಡ. ನನ್ನ ಕಾಫಿ ಕುಡಿದ.

ಐದೂವರೆಗೆ ಮತ್ತೆ ಕೇಳಿದೆ, ಎಷ್ಟನೆಯವನು?
ಈ ಸಲ ನಿಂತು ಕೇಳಿಸಿಕೊಂಡೆ.
ಮೂರು ಚುಕ್ಕಿ ಹತ್ತು.
ಆಮೇಲೆ ನನ್ನ ಒಂದು ಸಾಲು, ಆಮೇಲೆ ಎಂಟರ್.

ಬಾರ್ದುರ್ ಥ್ಯಾಂಕ್ಸ್ ಹೇಳುವ ಪೈಕಿ ಅಲ್ಲ.
ಹಾಳೆಯ ತಲೆಯಲ್ಲಿ ತಾರೀಖಿದ್ದ ಜಾಗಕ್ಕೆ ಹೆಬ್ಬೆರಳು ಒತ್ತಿ
ಎರಡು ಸಲ ಓದಿದ, ತುಟಿ ಅಲ್ಲಾಡಿಸುತ್ತ,
ಆಮೇಲೆ ಮಡಚಿದ.

ಟುಮ್ಮಸನ ಚೀಟಿಯ ಕೆಳಗೆ ಇನ್ನೂ ಒಂದು ಬೆರಳಗಲ ಜಾಗವಿತ್ತು.
ಪೆನ್ಸಿಲಿನಲ್ಲಿ ಬರೆದೆ:
‘ಒಂಬತ್ತಕ್ಕಿಂತ ಹತ್ತು ದೊಡ್ಡದು.’
ನನ್ನ ನಂತರ ಬರುವವರು ನಕ್ಕಾರು.
ನಗಲಿ.