ನಲವತ್ತಮೂರೂವರೆ

ಮಂಡ್ಯದ ದೊಡ್ಡಾಸ್ಪತ್ರೆ, ನೆಲಮಾಳಿಗೆ, ಸಿ.ಟಿ. ಕೋಣೆ.
ಏಪ್ರಿಲ್‌ನಲ್ಲೂ ಸ್ವೆಟರ್ ತೊಟ್ಟೇ ಕೂರುತ್ತೇನೆ.
ಈ ತಂಪು ನಮಗಲ್ಲ, ಯಂತ್ರಕ್ಕೆ.

ನಾಲೆಗೆ ನೀರು ನಿಲ್ಲಿಸಿದ ವಾರ
ಹೂಳೆತ್ತುವ ಜೆಸಿಬಿಗೆ ಸಿಕ್ಕಿದ್ದು
ಒಂದು ಸೊಂಟ, ಎರಡು ತೊಡೆ. ತಲೆಯಿಲ್ಲ.
ಪೇದೆ ಬಸವಲಿಂಗ ಅಕ್ಕಿಚೀಲದಲ್ಲಿ ತಂದ,
‘ಇಪ್ಪತ್ತೈದು ಕೆ.ಜಿ.’ ಎಂದು ಇನ್ನೂ ಓದಬಹುದಿತ್ತು.
“ಗಂಡೋ ಹೆಣ್ಣೋ, ಅಷ್ಟ್ ಹೇಳ್ಬುಡಿ ಮೇಡಂ,
ಎರಡು ಮನೆಯೋರು ಠಾಣೆ ಮುಂದೆ ಕುಂತವ್ರೆ.”

ಹಲಗೆಯ ಮೇಲೆ ಮಲಗಿಸಿದೆ.
ಅಭ್ಯಾಸಬಲ, ಹೇಳಿಯೂಬಿಟ್ಟೆ:
ಉಸಿರು ಬಿಗಿಹಿಡಿಯಿರಿ.

ತೊಡೆಮೂಳೆಯ ತುದಿ, ಗೋಲಿಯಂತೆ ನುಣುಪು.
ಮೌಸ್‌ನಿಂದ ಈ ದಡದಿಂದ ಆ ದಡಕ್ಕೊಂದು ಗೆರೆ,
ಅಂಕೆ ತಾನೇ ಉದುರುತ್ತದೆ.
ನಲವತ್ತಮೂರೂವರೆ ಮಿಲಿಮೀಟರ್ ದಾಟಿದರೆ ಗಂಡು,
ದಾಟದಿದ್ದರೆ ಹೆಣ್ಣು.
ಡಾಕ್ಟರ್ ನಿರಂಜನಾರಾಧ್ಯ ಗೋಡೆಗಂಟಿಸಿದ ಹಾಳೆ.
ಯಾವ ಸೀಮೆಯ ಮೂಳೆ ಅಳೆದು ಬರೆದರೋ.

ಹೋದ ವರ್ಷ ಸಕ್ಕರೆ ಕಾರ್ಖಾನೆ ಗೇಟಿನ ಹತ್ತಿರ
ಟ್ರ್ಯಾಕ್ಟರಿನಿಂದ ಬಿದ್ದ ಕಬ್ಬಿನ ಜಲ್ಲೆಗೆ ಸ್ಕೂಟಿ ಜಾರಿ
ಇದೇ ಹಲಗೆಯ ಮೇಲೆ ನಾನು ಮಲಗಿದ್ದೆ.
ಆಮೇಲೊಂದು ರಾತ್ರಿಪಾಳಿ, ಯಾರೂ ಇಲ್ಲದಾಗ,
ನನ್ನದೇ ಚಿತ್ರ ತೆರೆದು ಗೆರೆ ಎಳೆದೆ.
ನಲವತ್ತನಾಲ್ಕು ಪಾಯಿಂಟ್ ಒಂದು.
ಎರಡು ಹೆತ್ತ ಗಂಡು!
ಅಜ್ಜಿ ಕೆಂಪಾಜಮ್ಮ ಇದ್ದಿದ್ದರೆ
ಎಲೆಯಡಿಕೆ ಉಗಿದು ನಗುತ್ತಿದ್ದಳು:
“ಗಂಡುಬೀರಿ ಅಂತ ನಾನ್ ಆವತ್ತೇ ಅಂದಿರ್ಲಿಲ್ವಾ?
ಅದ್ಕೂ ಒಂದ್ ಮಿಸೀನ್ ಬೇಕಿತ್ತಾ ನಿಂಗೆ?”

ಇವತ್ತಿನದು ನಲವತ್ತಮೂರು ಪಾಯಿಂಟ್ ಎರಡು.
ಗಡಿಕಲ್ಲಿನ ಪಕ್ಕದಲ್ಲೇ.
ಸೊಂಟ ಮಾತ್ರ ಅಷ್ಟು ಮುಚ್ಚುಮರೆ ಮಾಡಲಿಲ್ಲ:
ಹಿಂಬದಿಯ ಕೊರಕಲು ಹೆಬ್ಬೆರಳು ಆಡುವಷ್ಟು ಅಗಲ,
ಮುಂಬದಿಯ ಕಮಾನು ಗೇಣು ಹಾಕಿದ ಕೈಯಂತೆ ಬಿಚ್ಚಿತ್ತು.
ಎಲ್ಲ ಕೂಡಿಸಿ, ಕಳೆದು, ಸೂತ್ರ ಹೇಳಿತು:
ಹೆಣ್ಣು. ನೂರಕ್ಕೆ ತೊಂಬತ್ತನಾಲ್ಕು.

ಉಳಿದ ಆರು?
ಪೇದೆ ಕೇಳಲಿಲ್ಲ. ವರದಿಯಲ್ಲಿ ಜಾಗವೂ ಇಲ್ಲ.
ನನ್ನಂಥವರು ಅಲ್ಲಿರುತ್ತೇವೆ.

ಗಂಡನ್ನು ಹುಡುಕುತ್ತಿದ್ದ ಮನೆಯವರು ಮೊದಲು ಎದ್ದರಂತೆ,
ಹಗುರಾಗಿ. ಎದ್ದಮೇಲೆ ಆ ಹಗುರಕ್ಕೇ ನಾಚಿ
ಕುಡಿಯದ ನೀರಿನ ಬಾಟಲಿಯನ್ನು
ಇನ್ನೊಂದು ಮನೆಯವರ ಪಕ್ಕ ಇಟ್ಟು ಹೋದರಂತೆ.

ತಗ್ಗಹಳ್ಳಿಯ ದೇವೀರಮ್ಮ ಅಳಲಿಲ್ಲವಂತೆ.
“ಹುಟ್ಟಿದಾಗ್ಲೂ ಆ ನರ್ಸು ಬಾಗ್ಲು ತೆಗ್ದು
ಇಷ್ಟೇ ಕನಪ್ಪ ಹೇಳಿದ್ದು,” ಅಂದಳಂತೆ.
“ಎಣ್ಣು ಅಂತ. ಹೇಳಿ, ಬಾಗ್ಲು ಹಾಕ್ಕಂಡ್ಲು.”

ಬಸವಲಿಂಗ ಇದನ್ನೆಲ್ಲ ಹೇಳಿ, ಖಾಲಿ ಚೀಲ ಮಡಚಿ,
ಎಲ್ಲಿಡಲಿ ಮೇಡಂ ಅಂದ.
ನನಗೂ ತೋಚಲಿಲ್ಲ.